ಬೆಕ್ಕುಗಳು ಮೆಚ್ಚಿದ ಟರ್ಬೊ

ನನ್ನ ಅಪ್ಪ ಜೀವಮಾನದಲ್ಲಿ ಯಾರನ್ನೂ ಕೇಳಿ ಒಂದು ಕೆಲಸ ಮಾಡಿದವರಲ್ಲ. ನಲವತ್ತು ವರ್ಷ ಕಾರವಾರದ ಬಂದರಿನಲ್ಲಿ ಟ್ರಾಲರ್ ಬೋಟುಗಳ ಎಂಜಿನ್ ರಿಪೇರಿ ಮಾಡಿದರು. ಬೋಟಿನ ಯಜಮಾನ ದಂಡೆಯ ಮೇಲೆ ನಿಂತು "ಎಂತಾ ಆಗಿದ್ಯಾ?" ಎಂದು ಕೂಗುವಷ್ಟರಲ್ಲಿ ಇವರು ಅರ್ಧ ಎಂಜಿನ್ ಬಿಚ್ಚಿ ಹರಡಿರುತ್ತಿದ್ದರು. ನಾನು ಹತ್ತನೇ ತರಗತಿ ಪಾಸಾದಾಗ ನನ್ನನ್ನೂ ಕೇಳದೆ ಐ.ಟಿ.ಐ.ಯಲ್ಲಿ ಡೀಸೆಲ್ ಮೆಕ್ಯಾನಿಕ್ ವಿಭಾಗಕ್ಕೆ ಹೆಸರು ಕೊಟ್ಟು ಬಂದರು. ಆ ತರಗತಿಗೆಲ್ಲ ನಾನೊಬ್ಬಳೇ ಹುಡುಗಿ. ಮೂರು ದಿನ ಊಟ ಬಿಟ್ಟು ಅತ್ತೆ. ನಾಲ್ಕನೆಯ ದಿನ ಹಸಿವಾಯಿತು, ಉಂಡು ಕ್ಲಾಸಿಗೆ ಹೋದೆ. ಅವರು ಕೇಳದೆ ಮಾಡಿದ ಕೆಲಸಗಳಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆದರೆ ನಾನು ಹೇಳಹೊರಟಿರುವುದು ಅದರ ಕತೆಯಲ್ಲ.

ಅಪ್ಪನಿಂದ ನನಗೆ ಬಂದ ಆಸ್ತಿ ಎರಡು: ಎಂಜಿನ್ನಿನ ಹುಚ್ಚು, ಮೂಗಿನ ತುದಿಯ ಸಿಟ್ಟು. ಮನೆಯಲ್ಲಿ ನಾವಿಬ್ಬರೇ. ಮಾಜಾಳಿಯಲ್ಲಿ, ಸಮುದ್ರದ ಗಾಳಿ ನೇರ ಅಂಗಳಕ್ಕೇ ಬಡಿಯುವ ಜಾಗದಲ್ಲಿ. ಮನೆಯಲ್ಲಿ ಕೊಂಕಣಿ, ಕೆಲಸದಲ್ಲಿ ಕನ್ನಡ, ಜಗಳ ಬಿದ್ದರೆ ಎರಡೂ.

ಹನ್ನೊಂದು ವರ್ಷ ನಾನು ಮಾಜಾಳಿಯಿಂದ ಗೋವಾಕ್ಕೆ ಬಸ್ಸಿನಲ್ಲಿ ಹೋಗಿ ಬಂದು ಒಂದು ಕಾರ್ ಸರ್ವಿಸ್ ಸೆಂಟರಿನಲ್ಲಿ ದುಡಿದೆ. ಟರ್ಬೊ ಎಂಜಿನ್ನನ್ನು ಮೊದಲು ಬಿಚ್ಚಿ ನೋಡಿದ್ದು ಅಲ್ಲಿ. ಎಂಜಿನ್ನು ಬೇಡವೆಂದು ಉಗುಳುವ ಬಿಸಿ ಹೊಗೆಯಿಂದಲೇ ಒಂದು ಪುಟ್ಟ ಚಕ್ರ ತಿರುಗುತ್ತದೆ. ಆ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿನೊಳಗೆ ತುರುಕುತ್ತದೆ. ಸಣ್ಣ ಎಂಜಿನ್ನಿಗೆ ದೊಡ್ಡ ದಮ್ಮು ಬರುತ್ತದೆ. ಎಸೆಯುವ ಹೊಗೆಯಿಂದ ಬಲ! ಅಂಥದ್ದೊಂದನ್ನು ಯೋಚಿಸಿದವನ ಕಾಲಿಗೆ ಬೀಳಬೇಕೆನಿಸಿತ್ತು ನನಗೆ. ಆದರೆ ಎರಡು ವರ್ಷ ಕಳೆಯುವಷ್ಟರಲ್ಲಿ ನನ್ನನ್ನು ಕೌಂಟರಿನಲ್ಲಿ ಕೂರಿಸಿದರು. ಹೆಂಗಸರು ಕೌಂಟರಿನಲ್ಲಿದ್ದರೆ ಗಿರಾಕಿಗಳಿಗೆ ಹಿತವಂತೆ. ಒಂಬತ್ತು ವರ್ಷ ನಗುತ್ತ ಜಾಬ್ ಕಾರ್ಡ್ ಬರೆದೆ, ಹಲ್ಲು ಕಚ್ಚಿಕೊಂಡು. ಕಳೆದ ಮಳೆಗಾಲಕ್ಕೆ ಮುಂಚೆ ಒಂದು ದಿನ ಪೆನ್ನನ್ನು ಮೇಜಿನ ಮೇಲಿಟ್ಟು ಎದ್ದು ಬಂದೆ.

ಬಂದವಳು ಅಮದಳ್ಳಿಯಲ್ಲಿ ಒಂದು ತಗಡಿನ ಶೆಡ್ ಬಾಡಿಗೆಗೆ ಹಿಡಿದೆ. ಕಾರವಾರದವರಿಗೂ ದೂರವಲ್ಲ, ಅಂಕೋಲೆಯವರಿಗೂ ದೂರವಲ್ಲ ಎಂಬ ಲೆಕ್ಕ. ಟರ್ಬೊ ಕಾರುಗಳ ದಮ್ಮು ಹೆಚ್ಚಿಸುವುದು ನನ್ನ ಕೆಲಸ ಎಂದು ಬೋರ್ಡು ಹಾಕಿದೆ. ಜನ ಬಂದರು, ನೋಡಿದರು, ಬೈಕಿನ ಪಂಕ್ಚರ್ ಹಾಕುತ್ತೀರಾ ಎಂದು ಕೇಳಿ ಹೋದರು. ಗೋವಾದ ಹಳೆಯ ಮ್ಯಾನೇಜರು ಫೋನ್ ಮಾಡಿ, ಜನವರಿಯವರೆಗೆ ನಿಮ್ಮ ಕುರ್ಚಿ ಖಾಲಿಯೇ ಇರುತ್ತದೆ ಎಂದರು. ಎಷ್ಟು ಮೆತ್ತಗೆ ಹೇಳಿದರೆಂದರೆ, ಬೈದಿದ್ದರೇ ವಾಸಿಯಿತ್ತು. ವರ್ಷ ಮುಗಿಯುವುದರೊಳಗೆ ನಾಲ್ಕು ಸರಿಯಾದ ಟರ್ಬೊ ಕೆಲಸ ಬಾರದಿದ್ದರೆ ಆ ಕುರ್ಚಿಗೇ ವಾಪಸು ಎಂದು ನನಗೆ ನಾನೇ ಗಡುವು ಹಾಕಿಕೊಂಡೆ.

ಅಪ್ಪ ಶೆಡ್ಡಿಗೆ ಕಾಲಿಡಲಿಲ್ಲ. "ಲ್ಯಾಪ್‌ಟಾಪ್ ಚುಚ್ಚಿ ಮಾಡೂ ರಿಪೇರಿ ಎಂತಾ ರಿಪೇರಿ? ಎಂಜಿನ್ನಿಗೇನು ಸೂಜಿಮದ್ದಾ?" ಎಂದು ಒಮ್ಮೆ ಹೇಳಿದರು. ಅಷ್ಟೇ.

ನನ್ನ ಕಾರು ಸಣ್ಣ ಟರ್ಬೊ ಪೆಟ್ರೋಲ್ ಗಾಡಿ, ಸೆಕೆಂಡ್ ಹ್ಯಾಂಡು. ಅದರ ಕಂಪ್ಯೂಟರಿನ ಮ್ಯಾಪ್ ನಾನೇ ತಿದ್ದಿದ್ದೆ. ಮ್ಯಾಪ್ ಎಂದರೆ ಯಾವ ವೇಗಕ್ಕೆ ಎಷ್ಟು ಗಾಳಿ, ಎಷ್ಟು ಪೆಟ್ರೋಲು ಎಂಬ ಲೆಕ್ಕ. ಕೊನೆಗೆ, ಕೈಯಲ್ಲಿದ್ದುದನ್ನೆಲ್ಲ ಸುರಿದು, ಒಂದು ದೊಡ್ಡ ಇಂಟರ್‌ಕೂಲರ್ ತರಿಸಿ ಮುಂದಿನ ಬಂಪರಿನ ಜಾಲರಿಯ ಹಿಂದೆ ಕೂರಿಸಿದೆ. ಟರ್ಬೊ ಒತ್ತಿದ ಗಾಳಿ ಬಿಸಿಯಾಗುತ್ತದೆ; ಬಿಸಿ ಗಾಳಿಯಲ್ಲಿ ದಮ್ಮಿಲ್ಲ; ಅದನ್ನು ತಣಿಸಿ ಒಳಗೆ ಕಳಿಸುವುದು ಈ ಇಂಟರ್‌ಕೂಲರಿನ ಕೆಲಸ. ತೆಳ್ಳನೆಯ ಅಲ್ಯೂಮಿನಿಯಂ ರೆಕ್ಕೆಗಳ ಸಾಲು, ಮಧ್ಯೆ ಗಾಳಿ ಹಾಯಬೇಕು. ಹೊಸತಾಗಿ ಫಳಫಳ ಹೊಳೆಯುತ್ತಿತ್ತು. ಮನೆಗೆ ತಂದ ದಿನ ಅಪ್ಪ ಜಗಲಿಯಿಂದಿಳಿದು ಬಂದು, ಜಾಲರಿಗೆ ಮುಖವಿಟ್ಟು ನೋಡಿ, "ಹ್ಞೂಂ" ಎಂದು ಒಳಗೆ ಹೋದರು. ಅಪ್ಪನ ಬಾಯಲ್ಲಿ ಹ್ಞೂಂ ಎಂದರೆ ಹೊಗಳಿಕೆ.

ಆಮೇಲಿನ ದಿನಗಳಲ್ಲಿ ಬೆಳಿಗ್ಗೆ ಎದ್ದರೆ ಊರ ಬೆಕ್ಕುಗಳೆಲ್ಲ ನನ್ನ ಕಾರಿನ ಮುಂದೆ. ಬಿಸಿ ಎಂಜಿನ್ನಿನ ಹತ್ತಿರ ಮಲಗಲು ಬರುತ್ತವೆ ಎಂದುಕೊಂಡು ದಿನಾ ಓಡಿಸಿದೆ. ಗಾಡಿ ಬಿಸಿಯಾದಾಗ ಮೀನಿನ ವಾಸನೆಯೂ ಬರುತ್ತಿತ್ತು. ಆದರೆ ಕಾರವಾರದಲ್ಲಿ ಮೀನಿನ ವಾಸನೆ ಬಂತೆಂದು ಯಾರಾದರೂ ತಲೆ ಕೆಡಿಸಿಕೊಳ್ಳುತ್ತಾರೆಯೇ? ಬಾರದಿದ್ದರೆ ಗಾಬರಿಯಾಗಬೇಕು.

ಹೀಗಿರುವಾಗ ಕದ್ರಾದ ವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡುವವರೊಬ್ಬರು ಆಯಿಲ್ ಬದಲಿಸಲು ಶೆಡ್ಡಿಗೆ ಬಂದರು. ಅವರದೂ ನನ್ನದೇ ಮಾಡೆಲ್, ಅದೇ ವರ್ಷದ್ದು. ಗೋವಾದ ದೊಡ್ಡ ಜಾಗದಲ್ಲಿ ಟ್ಯೂನ್ ಮಾಡಿಸಿದ್ದರು. ನನ್ನ ಗಾಡಿಯ ಸುತ್ತ ಎರಡು ಸುತ್ತು ಹಾಕಿದರು.

"ಅಕ್ಕಾ, ಬೇಜಾರ್ ಮಾಡ್ಕಬೇಡಿ. ಬೋಟ್ ಮೇಸ್ತ್ರಿ ಮಗಳು ಟರ್ಬೊ ಟ್ಯೂನ್ ಮಾಡ್ತಾಳೆ ಅಂದ್ರೆ ಜನ ನಂಬೂದು ಕಷ್ಟ. ನಾನೂ ನೋಡ್ದೆ ನಂಬೂದಿಲ್ಲ."

"ನೋಡೇಬಿಡಿ ಹಾಗಾದ್ರೆ," ಎಂದೆ. ಕಿವಿ ಬಿಸಿಯಾಗಿತ್ತು.

"ನನ್ನ ಗಾಡಿಗೆ ಸಮಸಮ ನಿಮ್ಮದು ಓಡ್ಲಿ ಸಾಕು. ನನ್ನದೂ, ನಮ್ಮ ಕಾಲನಿಯ ಇನ್ನು ಮೂರು ಗಾಡಿನೂ ಇಲ್ಲಿಗೇ ತತ್ತೇವೆ."

ನಾಲ್ಕು. ನನ್ನ ಗಡುವಿನ ಲೆಕ್ಕ ಅವರಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ, ಆದರೂ ನಾಲ್ಕು ಎಂದರು. ಆ ರಾತ್ರಿ ನನಗೆ ಅನ್ನ ಸೇರಲಿಲ್ಲ.

ಹೆದ್ದಾರಿ ಅಗಲವಾದಾಗ ಹಳೆಯ ರಸ್ತೆಯ ಒಂದು ತುಂಡು ಬದಿಗೆ ಉಳಿದುಬಿಟ್ಟಿದೆ. ಎರಡೂ ತುದಿಗೆ ಕಲ್ಲು ಅಡ್ಡ ಇಟ್ಟಿದ್ದಾರೆ. ಬಂಡಿ, ಬೈಕು ಏನೂ ಬರುವುದಿಲ್ಲ. ಈಗ ಅದು ಮೀನು ಒಣಗಿಸುವ ಹೆಂಗಸರ ರಾಜ್ಯ. ಡಾಂಬರು ಬಿಸಿಲಿಗೆ ಕಾದರೆ ಮೀನು ಬೇಗ ಒಣಗುತ್ತದೆ. ಅವರ ಯಜಮಾನ್ತಿ ಒಬ್ಬ ಮುದುಕಿ; ಬಾಯಿ ಬಿಟ್ಟರೆ ಬೊಂಬಾಯಿ. ಭಾನುವಾರ ಬೆಳಿಗ್ಗೆ ಹೋಗಿ ಜಾಗ ಬಿಡಿ ಎಂದು ಕೇಳಿದೆ.

"ನಿಂಗೆ ಓಟದ ಹುಚ್ಚು ಬಂದ್ರೆ ನಮ್ಮ ಬಂಗಡೆ ಎತ್ತಬೇಕೇನೆ?" ಎಂದಳು. ಆದರೆ ಎಂಟು ಹೆಂಗಸರೂ ಚಾಪೆ ಸಮೇತ ಮೀನನ್ನು ಬದಿಗೆ ಎಳೆದರು, ಗಾಡಿ ನುಗ್ಗುವಷ್ಟು ಒಂದು ತುದಿಯ ಕಲ್ಲನ್ನೂ ಸರಿಸಿಕೊಟ್ಟರು. "ಎರಡೇ ತಾಸು ಹಾ! ಆಮೇಲೆ ನೀ ಓಡಿಸ್ತಿರು, ನಾವು ನಿನ್ನ ಗಾಡಿ ಮೇಲೇ ಒಣಗಿಸ್ತೇವೆ."

ಅಪ್ಪನೂ ಬಂದಿದ್ದರು. ಕರೆದಿರಲಿಲ್ಲ. ನಾನು ಮನೆಯಿಂದ ಕಾರು ತೆಗೆಯುವಾಗ ಹಿಂದಿನ ಸೀಟಿನಲ್ಲಿ ಕೂತಿದ್ದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಅಲ್ಲಿ ಇಳಿದು ಹಳೆಯ ಮೈಲಿಗಲ್ಲಿನ ಮೇಲೆ ಕೂತರು. ನಮ್ಮ ಓಟ ಮುಗಿಯುವುದು ಅಲ್ಲಿಗೇ. ಅದರಾಚೆ ಬ್ರೇಕ್ ಹಾಕಲು ಬೇಕಾದಷ್ಟು ರಸ್ತೆ ಇತ್ತು.

ಹುಣಸೆಮರದ ಹತ್ತಿರ ಎರಡೂ ಗಾಡಿ ಅಕ್ಕಪಕ್ಕ ನಿಲ್ಲಿಸಿದೆವು. ಎರಡನೇ ಗೇರಿನಲ್ಲಿ, ನಡೆಯುವ ವೇಗದಲ್ಲಿ ಜೊತೆಗೆ ಹೊರಡುವುದು, ಮುದುಕಿ ಬುಟ್ಟಿ ಕೆಳಗಿಳಿಸಿದ ಕೂಡಲೇ ಪೂರ್ತಿ ಒತ್ತುವುದು. ಮೂರು ಓಟ. ಒಂದೇ ಓಟದಿಂದ ಏನೂ ತಿಳಿಯುವುದಿಲ್ಲ. ತಣ್ಣಗಿರುವಾಗ ಎಲ್ಲ ಗಾಡಿಯೂ ಶೂರನೇ.

ಮೊದಲನೆಯದರಲ್ಲಿ ನಾನು ಅರ್ಧ ಬಾನೆಟ್ಟಿನಷ್ಟು ಮುಂದೆ. ಹೆಂಗಸರು ಕೂಗಿದ್ದು ಗಾಜು ಏರಿಸಿದ್ದರೂ ಕೇಳಿಸಿತು. ಎರಡನೆಯದರಲ್ಲಿ ಅರ್ಧ ದಾರಿಯವರೆಗೆ ಸಮಸಮ ಇದ್ದವಳು ಆಮೇಲೆ ಹಿಂದೆ ಬಿದ್ದೆ. ಮೂರನೆಯದು ಹೇಳಲೇ ನಾಚಿಕೆ. ಪೂರ್ತಿ ಒತ್ತಿದರೂ ಗಾಡಿ ಮುಂದೆ ನುಗ್ಗುತ್ತಿಲ್ಲ. ಕದ್ರಾದವರ ಹಿಂದಿನ ನಂಬರ್ ಪ್ಲೇಟನ್ನು ನಾನು ಆರಾಮಾಗಿ ಓದಿಕೊಂಡು ಹೋದೆ.

ಇಳಿದು ಟೈರಿಗೆ ಒದ್ದೆ. ಕಾಲಿಗೆ ನೋವಾಯಿತು, ಇನ್ನಷ್ಟು ಸಿಟ್ಟು ಬಂತು. ಸ್ಕ್ಯಾನರ್ ಹಚ್ಚಿ ನೋಡಿದರೆ ಎಂಜಿನ್ನಿಗೆ ಹೋಗುವ ಗಾಳಿ ಎಪ್ಪತ್ತು ಡಿಗ್ರಿ ದಾಟಿತ್ತು. ಅಷ್ಟು ದೊಡ್ಡ ಇಂಟರ್‌ಕೂಲರ್ ಇಟ್ಟೂ! ಗಾಳಿ ಅಷ್ಟು ಬಿಸಿಯಾದರೆ ಎಂಜಿನ್ನಿನ ಕಂಪ್ಯೂಟರು ಹೆದರಿ ತಾನೇ ಬಲ ಕಡಿಮೆ ಮಾಡುತ್ತದೆ. ಇದು ಗೊತ್ತಿದ್ದ ನಾನು ನೆಟ್ಟಗೆ ಮುಂದೆ ಹೋಗಿ ಬಗ್ಗಿ ನೋಡಬೇಕಿತ್ತು. ನೋಡಲಿಲ್ಲ. ಇಂಟರ್‌ಕೂಲರ್ ಮಾರಿದವನಿಗೆ ಫೋನ್ ಹಚ್ಚಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಎಲ್ಲೋ ದೂರದ ಊರಿನಲ್ಲಿ ಭಾನುವಾರ ಮನೆಯಲ್ಲಿದ್ದ ಆ ಬಡಪಾಯಿಗೆ ಡಬ್ಬಾ ಮಾಲು ಮಾರಿದ್ದೀಯಾ ಎಂದು ಬೈದೆ. ಅವನು, ಮೇಡಂ, ಮುಂದೆ ಗಾಳಿಗೆ ಏನಾದರೂ ಅಡ್ಡ ಇದೆಯಾ ನೋಡಿ ಎಂದ. "ನಂಗೆ ಪಾಠ ಹೇಳ್ಬೇಡ!" ಎಂದು ಫೋನ್ ಕಟ್ ಮಾಡಿದೆ.

"ಕುಣಿಲಿಕ್ಕೆ ಬರ್ದವಳು ನೆಲ ಡೊಂಕು ಅಂದ್ಲಂತೆ," ಎಂದು ಮುದುಕಿ ಯಾರಿಗೋ ಹೇಳಿದಂತೆ ಹೇಳಿದಳು.

ಕದ್ರಾದವರು ಗೆದ್ದ ಗತ್ತು ತೋರಿಸದೆ ಆಚೆ ತಿರುಗಿ ನಿಂತರು. ನೀರಿನ ಬಾಟಲಿ ತೆರೆದು ಕುಡಿಯುತ್ತಿದ್ದರು. ಆ ಸೌಜನ್ಯವೇ ನನಗೆ ಚುಚ್ಚಿತು. ಜನವರಿ, ಕೌಂಟರು, ಪೆನ್ನು, ನಗು ಎಲ್ಲವೂ ಕಣ್ಣೆದುರು ಬಂದವು.

ಆಗ ಹೆಂಗಸರೆಲ್ಲ ಒಮ್ಮೆಲೇ ನಗಲು ಶುರು ಮಾಡಿದರು. ನನ್ನನ್ನೇ ನೋಡಿ ನಗುತ್ತಾರೆಂದು ತಿರುಗಿದೆ. ಅಲ್ಲ. ಬದಿಯಲ್ಲಿ ಚಾಪೆಗಟ್ಟಲೆ ಬಂಗಡೆ ಹರಡಿದೆ, ಕಾಯುವವರಿಲ್ಲ. ಅದನ್ನು ಬಿಟ್ಟು ಮೂರು ಬೆಕ್ಕುಗಳು ನನ್ನ ಕಾರಿನ ಮುಂದಿನ ಜಾಲರಿ ನೆಕ್ಕುತ್ತಿವೆ. ಒಂದು ಹಿಂಗಾಲ ಮೇಲೆ ನಿಂತು, ಮುಂಗಾಲು ಬಂಪರಿನ ಮೇಲೆ ಇಟ್ಟುಕೊಂಡಿದೆ.

"ಅಯ್ಯಯ್ಯ! ಇದೆಂತಾ ವಿಚಿತ್ರನೆ?" ಎಂದಳು ಮುದುಕಿ. "ಇಷ್ಟ್ ಮೀನ್ ಬಿಟ್ಟು ನಿನ್ನ ಗಾಡಿ ಮುಸುಡಿ ನೆಕ್ತಾವಲೆ! ಗಾಡಿಗೆ ಎಂತಾ ಮೀನ್ ಸಾರು ಹಾಕಿ ಸಾಕಿದ್ಯಾ?"

ಇದ್ದ ಸಿಟ್ಟೆಲ್ಲ ಬೆಕ್ಕಿನ ಮೇಲೆ ತಿರುಗಿತು. ಚಪ್ಪಲಿ ಕೈಗೆತ್ತಿಕೊಂಡೆ.

"ಬೆಕ್ಕಿಗೆ ಹೊಡೀಬೇಡ."

ಅಪ್ಪ ಮೈಲಿಗಲ್ಲಿನಿಂದ ಎದ್ದು ಬಂದಿದ್ದರು. ಅವರ ಮುಖ ಅಷ್ಟು ಸಣ್ಣದಾದದ್ದನ್ನು ನಾನು ನೋಡಿಯೇ ಇರಲಿಲ್ಲ.

"ಎಣ್ಣೆ ಹಚ್ಚಿದ್ದು ನಾನು," ಎಂದರು. "ತಾರ್ಲೆ ಎಣ್ಣೆ. ನೀ ಬಸ್ಸಲ್ಲಿ ಅಂಕೋಲೆಗೆ ಹೋದ ದಿನ. ಎರಡು ಕೈ ಹಚ್ಚಿದೆ."

ತಾರ್ಲೆ ಎಂಬ ಸಣ್ಣ ಮೀನನ್ನು ಕಾಯಿಸಿ ತೆಗೆದ ಎಣ್ಣೆ ಅದು. ನಮ್ಮಲ್ಲಿ ಮರದ ದೋಣಿಗಳಿಗೆ ಹಚ್ಚುತ್ತಾರೆ. ಉಪ್ಪುನೀರಿಗಿಳಿಯುವ ಯಾವ ಹೊಸ ವಸ್ತುವನ್ನೂ ಎಣ್ಣೆ ಹಚ್ಚದೆ ಕಳಿಸುವುದಿಲ್ಲ. ದೋಣಿಗಾದರೆ ಅದು ಒಣಗಿ ಅಂಟು ಪದರವಾಗಿ ಮೈ ಕಾಯುತ್ತದೆ. ನನ್ನ ಇಂಟರ್‌ಕೂಲರಿನ ರೆಕ್ಕೆಗಳ ಮಧ್ಯೆಯೂ ಹಾಗೇ ಒಣಗಿ ಅಂಟಾಗಿತ್ತು. ಹೆದ್ದಾರಿ ಬದಿಯ ಕೆಂಪು ಧೂಳು, ಗದ್ದೆಯ ಹೊಟ್ಟು, ಸೊಳ್ಳೆ, ಎಲ್ಲ ಅದರ ಮೇಲೆ ಕೂತಿತ್ತು. ಗಾಳಿ ಹಾಯಲು ದಾರಿಯೇ ಇರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ನನಗೆ ಮೂರು ಬೆಕ್ಕು ಬೇಕಾದವು.

ಅಪ್ಪ ಯಾರೆದುರಿಗೂ, ಯಾವತ್ತಿಗೂ ತನ್ನ ಕೈಯಿಂದ ತಪ್ಪಾಯಿತು ಎಂದವರಲ್ಲ. ಅಂಥವರು ಎಂಟು ಹೆಂಗಸರ ಎದುರು, ಗುರುತಿಲ್ಲದ ಗಂಡಸೊಬ್ಬರ ಎದುರು ಹೇಳಿದ್ದರು. ನಾನು ಅದನ್ನು ಆಗ ಕಂಡೆನೇ? ಇಲ್ಲ. ಕಿರುಚಿದೆ.

"ಕೇಳೂಕೆ ಎಂತಾ ಆಗ್ತಿತ್ತು ನಿಮ್ಗೆ? ಒಂದ್ ಮಾತು! ಹುಟ್ಟಿದಾಗಿಂದ ಒಂದ್ ಮಾತು ಕೇಳಿದ್ರಾ ನನ್ನ? ನಂದು ಅಂತ ಇದ್ದಿದ್ದು ಇದೊಂದು. ಇದನ್ನೂ ಕೇಳ್ದೇ ಮಾಡಿದ್ರಿ!"

ಯಾರೂ ನಗಲಿಲ್ಲ. ಮುದುಕಿ ಬುಟ್ಟಿಯನ್ನು ಸುಮ್ಮನೆ ಆ ಕೈಯಿಂದ ಈ ಕೈಗೆ ಬದಲಿಸಿದಳು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಬಿಚ್ಚಿ, ಮಡಚಿ, ಮೈಲಿಗಲ್ಲಿನ ಮೇಲಿಟ್ಟು, ಬನಿಯನ್ನಿನಲ್ಲಿ ಬಂದು ಕಾರಿನ ಮುಂದೆ ಮಂಡಿಯೂರಿದರು.

"ಹತ್ತು ನಂಬರ್ ಪಾನಾ ಕೊಡು," ಎಂದು ಕೈ ಚಾಚಿದರು.

ಕೊಟ್ಟೆ. ಇನ್ನೇನು ಮಾಡಲಿ? ಬಂಪರ್ ಬಿಚ್ಚುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಪಕ್ಕದಲ್ಲಿ ಕೂತೆ. ನಾನು ಕ್ಲಿಪ್ ತೆಗೆದೆ, ಅವರು ಬೋಲ್ಟು ತೆಗೆದರು. ಇಂಟರ್‌ಕೂಲರ್ ಹೊರಗೆ ಬಂದಾಗ ಮಣ್ಣಿನ ಇಟ್ಟಿಗೆಯ ಹಾಗಿತ್ತು. ಅಪ್ಪ ನನ್ನ ಡಿಕ್ಕಿಯಲ್ಲಿದ್ದ ಡಬ್ಬಿಯ ಡೀಸೆಲ್ಲಿನಲ್ಲಿ ಬ್ರಷ್ ಅದ್ದಿ ತಿಕ್ಕತೊಡಗಿದರು.

"ಡೀಸೆಲ್ಲಿಗೆ ಬರೀ ಮೇಲಿಂದು ಹೋಗ್ತದೆ," ಎಂದಳು ಮುದುಕಿ. "ತಾರ್ಲೆ ಎಣ್ಣೆ ಜಿಡ್ಡು ಬಿಡ್ಬೇಕಾದ್ರೆ ಅಂಟುವಾಳದ ಬಿಸಿನೀರೇ ಆಗ್ಬೇಕು. ನಲವತ್ತು ವರ್ಷ ಬೋಟಲ್ಲಿದ್ದು ಇಷ್ಟೂ ಗೊತ್ತಿಲ್ಲ ಈ ಗಂಡಸಿಗೆ!" ಒಬ್ಬಳನ್ನು ಮನೆಗೆ ಅಟ್ಟಿದಳು. ಕುದಿಸಿದ ಅಂಟುವಾಳದ ನೀರು ಒಂದು ಕೊಡ ಬಂತು.

ಕದ್ರಾದವರು ಆಗಲೇ ಗೆದ್ದವರು. ಗಾಡಿ ತಿರುಗಿಸಿಕೊಂಡು ಹೋಗಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಅವರು ಪ್ಯಾಂಟು ಮಡಚಿ, ಕೊಡ ಎತ್ತಿ ನೀರು ಹೊಯ್ಯಲು ನಿಂತರು.

ತಿಕ್ಕುತ್ತ ತಿಕ್ಕುತ್ತ ಅಪ್ಪ ತಲೆ ಎತ್ತದೇ ಮಾತಾಡಿದರು. "ಹೊಸಾ ಅಲ್ಯೂಮಿನಿಯಮ್ಮು. ಸಮುದ್ರಕ್ಕೆ ಮುಖ ಮಾಡಿ ನಿಲ್ಲಿಸ್ತೆ ನೀನು. ಉಪ್ಪು ಗಾಳಿ ಎರಡು ವರ್ಷಕ್ಕೆ ತಿಂದು ಹಾಕ್ತದೆ. ನಿನ್ನ ದುಡಿಮೆ ಎಲ್ಲಾ ಅದ್ರಲ್ಲೇ ಇತ್ತಲಾ. ಹಾಳಾಗೂದ್ ಬ್ಯಾಡ ಅಂತ."

ಅವರ ಬೆರಳುಗಳನ್ನು ನೋಡಿದೆ. ಅಷ್ಟು ದಪ್ಪ ಬೆರಳುಗಳು ಅಷ್ಟು ತೆಳ್ಳನೆಯ ರೆಕ್ಕೆಗಳ ಮಧ್ಯೆ, ಒಂದೂ ಬಗ್ಗದಂತೆ ಬ್ರಷ್ ಆಡಿಸುತ್ತಿದ್ದವು. ಅಂಥ ಕೈಯವರ ಮೇಲೆ ಎಲ್ಲರೆದುರು ಹಾಗೆ ಕಿರುಚಿದೆನಲ್ಲ ಎಂದು ನನಗೆ ನಾಚಿಕೆಯಾಯಿತು, ದುಃಖವೂ ಆಯಿತು. ಕ್ಷಮಿಸಿ ಎನ್ನುವುದು ನಮ್ಮ ಮನೆಯಲ್ಲಿ ರೂಢಿಯಿಲ್ಲ. ಅವರ ಪಕ್ಕದ ಅಂಟುವಾಳದ ನೀರಿನ ಡಬ್ಬಿ ಖಾಲಿಯಾದಾಗ ಕೇಳುವ ಮೊದಲೇ ತುಂಬಿಸಿಟ್ಟೆ.

ಎಲ್ಲ ಕೂರಿಸಿ ಮುಗಿಯುವಾಗ ಮಧ್ಯಾಹ್ನ ದಾಟಿತ್ತು. ಎರಡು ತಾಸು ಎಂದ ಹೆಂಗಸರು ಗಂಜಿ ತರಿಸಿ ಉಂಡು, ನಮಗೂ ಉಣಿಸಿ, ಜಾಗ ಬಿಡದೆ ಕೂತಿದ್ದರು. ಕದ್ರಾದವರು ತಾವಾಗಿಯೇ ಕೀಲಿ ಕೈ ತೆಗೆದುಕೊಂಡು "ಮತ್ತೆ ಮೂರು," ಎಂದರು.

ಮೊದಲನೆಯದರಲ್ಲಿ ಅವರು ಒಂದು ಗೇಣು ಮುಂದೆ. ಎರಡನೆಯದು ಸಮಸಮ. ಬಿಸಿಲು ಕಾದಿತ್ತು, ಡಾಂಬರು ಹೊಳೆಯುತ್ತಿತ್ತು. ಮೂರನೆಯದಕ್ಕೆ ಬುಟ್ಟಿ ಕೆಳಗಿಳಿಯಿತು. ಗಾಡಿ ಬೆನ್ನಿಗೆ ಗುದ್ದಿದಂತೆ ಹೊರಟಿತು. ಮೂರನೇ ಗೇರು. ಟರ್ಬೊದ ಸಿಳ್ಳು ಏರುತ್ತಲೇ ಹೋಯಿತು, ಎಲ್ಲೂ ಬಿಗಿ ಹಿಡಿಯಲಿಲ್ಲ. ಪಕ್ಕದ ಬಾನೆಟ್ಟು ನಿಧಾನಕ್ಕೆ ನನ್ನ ಕಿಟಕಿಯಿಂದ ಹಿಂದೆ ಸರಿಯಿತು. ಈಗ ಬಿಸಿ ತಟ್ಟಿದ್ದು ಅವರ ಗಾಡಿಗೆ. ಅವರದು ಕಂಪನಿ ಕೊಟ್ಟ ಸಣ್ಣ ಇಂಟರ್‌ಕೂಲರೇ. ಮೈಲಿಗಲ್ಲು ದಾಟುವಾಗ ನಾನು ಒಂದು ಗಾಡಿಯಷ್ಟು ಮುಂದಿದ್ದೆ. ಕಲ್ಲಿನ ಪಕ್ಕ ಅಪ್ಪ ಕಣ್ಣು ಮುಚ್ಚಿ ನಿಂತಿದ್ದರು. ಅವರು ನೋಡುತ್ತಿರಲಿಲ್ಲ, ಕೇಳುತ್ತಿದ್ದರು.

ನಾನು ಇಳಿದು ಹತ್ತಿರ ಹೋದಾಗ, "ಉಸಿರು ಬಿಡ್ತು," ಎಂದರು.

ಕದ್ರಾದವರು ಬಂದು ನನಗೆ ಕೈ ಮುಗಿದರು. "ನನ್ನ ಗಾಡಿ ಬಿಸಿಗೆ ಹಿಂದೆ ಬೀಳ್ತದೆ ಅಂತ ಒಂದು ವರ್ಷದಿಂದ ಯಾರೂ ಹೇಳ್ಲೇ ಇಲ್ಲ, ನೋಡಿ. ಮುಂದಿನ ವಾರ ತತ್ತೆ. ಉಳಿದವರಿಗೂ ಹೇಳ್ತೆ." ಆಮೇಲೆ ಅಪ್ಪನ ಕಡೆ ತಿರುಗಿದರು. "ಮಾಮಾ, ಆ ಎಣ್ಣೆ ಗಾಡಿ ಅಡಿಗೆ ಹಚ್ಚಿದ್ರೆ ತುಕ್ಕು ಹಿಡಿಯೂದಿಲ್ವಾ?"

"ಬೋಟಿಗೇ ಹಿಡಿಯೂದಿಲ್ಲ. ಇದ್ಕೆಂತಕ್ಕೆ ಹಿಡೀತದೆ?" ಎಂದರು ಅಪ್ಪ. ಸ್ವರ ಸ್ವಲ್ಪ ಮೊದಲಿನಂತಾಗಿತ್ತು.

"ಹಾಗಾದ್ರೆ ಅದೂ ಮಾಡಿಕೊಡಿ. ಬೆಕ್ಕಿಗೆ ನಾನು ಹೇಳ್ಕೊಳ್ತೆ."

ಆ ಸಂಜೆ ಇಂಟರ್‌ಕೂಲರ್ ಮಾರಿದವನಿಗೆ ಫೋನ್ ಮಾಡಿ ತಪ್ಪಾಯಿತು ಎಂದೆ. ಪರವಾಗಿಲ್ಲ ಮೇಡಂ, ಏನು ಅಡ್ಡ ಇತ್ತು ಎಂದು ಕೇಳಿದ. ಹೇಳಿದೆ. ಅವನು ನಕ್ಕ ನಗು ನಿಲ್ಲಲೇ ಇಲ್ಲ. ಮರುದಿನ ಗೋವಾಕ್ಕೂ ಫೋನ್ ಮಾಡಿದೆ. ಆ ಕುರ್ಚಿಯಲ್ಲಿ ಬೇರೆ ಯಾರನ್ನಾದರೂ ಕೂರಿಸಿ ಎಂದೆ.

ಕದ್ರಾದವರ ಗಾಡಿ ಹೇಳಿದ ದಿನವೇ ಬಂತು. ನಾನು ಲ್ಯಾಪ್‌ಟಾಪ್ ಹಚ್ಚಿಕೊಂಡು ಮ್ಯಾಪ್ ನೋಡಿ ಮುಗಿಸಿದ್ದೆ. ಅಪ್ಪ ಅಂದು ನನ್ನ ಜೊತೆ ಶೆಡ್ಡಿಗೆ ಬಂದಿದ್ದರು, ತನ್ನದೇ ಮಣೆ, ತನ್ನದೇ ಬ್ರಷ್, ತಾರ್ಲೆ ಎಣ್ಣೆಯ ಡಬ್ಬಿ ಹಿಡಿದುಕೊಂಡು. ಗಾಡಿಯನ್ನು ಎತ್ತರಕ್ಕೇರಿಸಿ ಕೊಟ್ಟಿದ್ದೆ. ಅವರು ಅಡಿಯಲ್ಲಿ ಕೂತಿದ್ದರು. ಎಲ್ಲಿ ಹಚ್ಚಬಹುದು, ಎಲ್ಲಿ ಹಚ್ಚಬಾರದು ಎಂದು ಸುಣ್ಣದ ಕಡ್ಡಿಯಿಂದ ಗೆರೆ ಎಳೆದು ಕೊಡಬೇಕೆಂದು ನಾನು ಕಡ್ಡಿ ಹುಡುಕುತ್ತಿದ್ದೆ. ಇಷ್ಟರಲ್ಲಿ ಅರ್ಧ ಹಚ್ಚಿಯೇ ಮುಗಿಸಿರುತ್ತಾರೆ ಎಂದು ಒಳಗೊಳಗೇ ರೇಗುತ್ತಲೂ ಇದ್ದೆ.

"ಮಗಾ," ಎಂದು ಕೆಳಗಿನಿಂದ ಸ್ವರ ಬಂತು.

ಬಗ್ಗಿ ನೋಡಿದೆ. ಎಣ್ಣೆಯಲ್ಲಿ ಅದ್ದಿದ ಬ್ರಷ್ ಕೈಯಲ್ಲಿತ್ತು, ತಗಡಿಗೆ ಇನ್ನೂ ಮುಟ್ಟಿರಲಿಲ್ಲ. ಎಣ್ಣೆ ತೊಟ್ಟಿಕ್ಕಿ ಅವರ ಮೊಣಕೈವರೆಗೆ ಇಳಿಯುತ್ತಿತ್ತು. ಎಷ್ಟು ಹೊತ್ತಿನಿಂದ ಹಾಗೆ ಹಿಡಿದುಕೊಂಡು ಕೂತಿದ್ದರೋ.

"ಇಲ್ಲಿ ಹಚ್ಚೂದಾ," ಎಂದು ಕೇಳಿದರು, "ಬ್ಯಾಡ್ವಾ?"

ನನ್ನ ಕಣ್ಣು ತುಂಬಿತು. ಸುಣ್ಣದ ಕಡ್ಡಿ ಅಲ್ಲೇ ಮೇಜಿನ ಮೇಲೆ ಕಾಣಿಸಿತು, ತೆಗೆದುಕೊಳ್ಳಲಿಲ್ಲ.

"ಅಲ್ಲಿ ಹಚ್ಚಿ, ಅಪ್ಪ," ಎಂದೆ.